ಜೊತೆಯವರೇ ಮೇಷ್ಟ್ರು: ಕೆಲಸದ ಜಾಗದಲ್ಲೇ ತರಬೇತಿ ಕಟ್ಟುವ ಬಗೆ

ಎರಡು ವರ್ಷದೊಳಗಿನ ಮಗುವಿನ ಉದ್ದ ಅಳೆಯಲು ಇಬ್ಬರು ಬೇಕು. ಒಬ್ಬರು ಮಗುವನ್ನು ಅಳತೆಮಣೆಯ ಮೇಲೆ ಮಲಗಿಸಿ, ನೆತ್ತಿ ಮೇಲ್ತುದಿಯ ಹಲಗೆಗೆ ತಾಗುವಂತೆ ತಲೆಯನ್ನು ಎರಡೂ ಕೈಯಲ್ಲಿ ಹಿಡಿದಿರಬೇಕು. ಇನ್ನೊಬ್ಬರು ಮೊಣಕಾಲನ್ನು ಮೆಲ್ಲಗೆ ಒತ್ತಿ, ಪಾದ ನೆಟ್ಟಗೆ ಮಾಡಿ, ಸರಿಯುವ ಹಲಗೆಯನ್ನು ಅಂಗಾಲಿಗೆ ತಂದು ಆ ಕ್ಷಣದಲ್ಲೇ ಅಂಕಿ ಓದಬೇಕು. ಮಗು ಅಳುತ್ತದೆ, ಒದೆಯುತ್ತದೆ, ತಾಯಿ ಗಾಬರಿಯಾಗುತ್ತಾಳೆ. ಎರಡು ವರ್ಷ ದಾಟಿದ ಮಗುವನ್ನಾದರೆ ನಿಲ್ಲಿಸಿ ಅಳೆಯುವುದು ಕ್ರಮ. ಮಲಗಿಸಿ ತೆಗೆದ ಅಳತೆಗೂ ನಿಲ್ಲಿಸಿ ತೆಗೆದ ಅಳತೆಗೂ ಸುಮಾರು 0.7 ಸೆಂ.ಮೀ. ವ್ಯತ್ಯಾಸ ಬರುತ್ತದೆ. ಅಷ್ಟು ಸಣ್ಣ ತಪ್ಪು ಒಂದು ಮಗುವನ್ನು ಕುಂಠಿತ ಬೆಳವಣಿಗೆಯ ಪಟ್ಟಿಗೆ ಸೇರಿಸಬಹುದು, ಸೇರಬೇಕಾದ ಮಗುವನ್ನು ಹೊರಗೂ ಇಡಬಹುದು.

ರಾಯಚೂರು ಜಿಲ್ಲೆಯ ದೇವದುರ್ಗದಲ್ಲೋ ಮಾನ್ವಿಯಲ್ಲೋ ಒಂದು ಅಂಗನವಾಡಿಯಲ್ಲಿ ಆ ಇಬ್ಬರೆಂದರೆ ಕಾರ್ಯಕರ್ತೆ ಮತ್ತು ಸಹಾಯಕಿ. ತರಬೇತಿಗೆ ಕರೆ ಬರುವುದು ಬಹುಪಾಲು ಕಾರ್ಯಕರ್ತೆಗೆ. ಮಗುವಿನ ತಲೆ ಹಿಡಿಯಬೇಕಾದ ಸಹಾಯಕಿ ಆ ಹೊತ್ತಿನಲ್ಲಿ ಕೇಂದ್ರದ ಬಾಗಿಲು ತೆಗೆದು ಮಕ್ಕಳಿಗೆ ಊಟ ಮಾಡಿಸುತ್ತಿರುತ್ತಾರೆ. ಕೆಲಸ ಇಬ್ಬರದು, ಕಲಿಕೆ ಒಬ್ಬರದು. ಒಟ್ಟಿಗೆ ದುಡಿಯುವವರನ್ನು ಒಟ್ಟಿಗೆ ಕೂರಿಸಿ ಕಲಿಸಿ ಎಂಬುದು ಈ ಲೇಖನದ ಮೊದಲ ಸಲಹೆ. ಉಳಿದದ್ದೆಲ್ಲ ಅದರ ವಿಸ್ತಾರ.

ಅಂಗನವಾಡಿ ಮೇಲ್ವಿಚಾರಕಿಯರು, ಆಶಾ ಸುಗಮಕಾರರು, ಮಾನ್ವಿಯ ಅಕ್ಕಿ ಗಿರಣಿ ಮಾಲೀಕರು, ರಾಯಚೂರಿನ ಜಿನ್ನಿಂಗ್ ಮಿಲ್ ಮ್ಯಾನೇಜರುಗಳು, ಸಹಕಾರ ಸಂಘದ ಕಾರ್ಯದರ್ಶಿಗಳು, ಆಸ್ಪತ್ರೆಯ ವಾರ್ಡ್ ಸಿಸ್ಟರುಗಳು: ಹತ್ತು ಜನರಿಂದ ಕೆಲಸ ತೆಗೆಯಬೇಕಾದ ಎಲ್ಲರಿಗೂ ಇದು ಅನ್ವಯಿಸುತ್ತದೆ. ನಮ್ಮಲ್ಲಿ ತರಬೇತಿಯೆಂದರೆ ಜಿಲ್ಲಾ ಕೇಂದ್ರದ ಸಭಾಂಗಣ, ಬ್ಯಾನರು, ದೀಪ ಬೆಳಗುವುದು, ಪರದೆಯ ಮೇಲೆ ಓಡುವ ಸಾಲುಗಳು, ಊಟ, ಹಾಜರಿ ಸಹಿ. ದೇವದುರ್ಗದ ಒಳಹಳ್ಳಿಯಿಂದ ಎರಡು ಬಸ್ಸು ಬದಲಿಸಿ ಬಂದವರು ಸಂಜೆಯ ಬಸ್ಸಿನ ಚಿಂತೆಯಲ್ಲೇ ಅರ್ಧ ಕೇಳುತ್ತಾರೆ. ಕೇಳಿದ್ದರಲ್ಲೂ ಬಹಳಷ್ಟು ನಿಲ್ಲುವುದಿಲ್ಲ. ಮತ್ತೆ ಮತ್ತೆ ನೆನೆಯದ ವಿಷಯ ಮೊದಲ ಒಂದೆರಡು ದಿನಗಳಲ್ಲೇ ಅತಿ ವೇಗವಾಗಿ ಮರೆತುಹೋಗುತ್ತದೆಂದು ಜರ್ಮನಿಯ ಹರ್ಮನ್ ಎಬ್ಬಿಂಗ್‌ಹಾಸ್ 1885ರಲ್ಲೇ ತನ್ನ ಮೇಲೆಯೇ ಪ್ರಯೋಗ ಮಾಡಿ ತೋರಿಸಿದ್ದ.

ಅದೇ ಹೊತ್ತಿಗೆ ಹತ್ತಿಪ್ಪತ್ತು ವರ್ಷದ ಅನುಭವ ಪಕ್ಕದಲ್ಲೇ ಕೂತಿರುತ್ತದೆ, ಯಾರೂ ಕೇಳುವುದಿಲ್ಲ. ಜೀನ್ ಲೇವ್ ಮತ್ತು ಎಟಿಯೆನ್ ವೆಂಗರ್ 1991ರಲ್ಲಿ ಬರೆದ ಪುಸ್ತಕವೊಂದು ಕಲಿಕೆಯ ಕುರಿತ ವಿಚಾರದ ದಿಕ್ಕನ್ನೇ ಬದಲಿಸಿತು. ಲೈಬೀರಿಯಾದ ದರ್ಜಿಗಳು, ಮೆಕ್ಸಿಕೋದ ಯುಕಟಾನಿನ ಸೂಲಗಿತ್ತಿಯರು ಪಾಠವೆಂಬುದೇ ಇಲ್ಲದೆ ಕಸುಬು ಕಲಿಯುವುದನ್ನು ಅವರು ವಿವರಿಸಿದರು. ಲೈಬೀರಿಯಾದ ದರ್ಜಿ ಅಂಗಡಿಯಲ್ಲಿ ಹೊಸ ಹುಡುಗನ ಕೈಗೆ ಮೊದಲು ಕತ್ತರಿ ಕೊಡುವುದಿಲ್ಲ. ಗುಂಡಿ ಹಚ್ಚುವುದು, ಅಂಚು ಹೊಲಿಯುವುದು ಮೊದಲು. ಬಟ್ಟೆ ಕತ್ತರಿಸುವುದು ಕೊನೆಗೆ. ಅಂದರೆ ಕೆಲಸದ ಕೊನೆಯ ಹಂತದಿಂದ ಹಿಂದಕ್ಕೆ ಬರುವ ಕಲಿಕೆ. ತಪ್ಪಾದರೆ ಬಿಚ್ಚಿ ಮತ್ತೆ ಹೊಲಿಯಬಹುದು, ಅಷ್ಟು ಹೊತ್ತಿಗೆ ಇಡೀ ಅಂಗಿಯ ರೂಪ ಅವನ ಕಣ್ಣಿಗೆ ಕೂತಿರುತ್ತದೆ. ಹೊಸಬರಿಗೆ ಮೊದಲ ದಿನ ಯಾವ ಕೆಲಸ ಕೊಡಬೇಕೆಂದು ಯೋಚಿಸುವ ಯಾವ ಮಾಲೀಕನಿಗೂ ಇದು ಉಪಯೋಗಕ್ಕೆ ಬರುವ ಮಾತು.

ಈಗ ನಮ್ಮ ಜಿಲ್ಲೆಯ ವಿಷಯ. ಡಾ. ಡಿ.ಎಂ. ನಂಜುಂಡಪ್ಪ ಸಮಿತಿಯ 2002ರ ವರದಿ ದೇವದುರ್ಗವನ್ನು ಅತ್ಯಂತ ಹಿಂದುಳಿದ ತಾಲ್ಲೂಕುಗಳಲ್ಲಿ ಗುರುತಿಸಿತ್ತು. 2018ರಲ್ಲಿ ನೀತಿ ಆಯೋಗದ ಮಹತ್ವಾಕಾಂಕ್ಷಿ ಜಿಲ್ಲೆಗಳ ಪಟ್ಟಿಗೆ ಕರ್ನಾಟಕದಿಂದ ಸೇರಿದ್ದು ರಾಯಚೂರು ಮತ್ತು ಯಾದಗಿರಿ. ಅದೇ ವರ್ಷ ಮಾರ್ಚ್ 8ರಂದು ರಾಜಸ್ಥಾನದ ಜುಂಜುನೂವಿನಲ್ಲಿ ಕೇಂದ್ರ ಸರ್ಕಾರದ ಪೌಷ್ಟಿಕತೆಯ ಕಾರ್ಯಕ್ರಮವಾದ ಪೋಷಣ್ ಅಭಿಯಾನ ಆರಂಭವಾಯಿತು. ಅದರ ಜೊತೆ ಇಂಕ್ರಿಮೆಂಟಲ್ ಲರ್ನಿಂಗ್ ಅಪ್ರೋಚ್, ಚಿಕ್ಕದಾಗಿ ಐಎಲ್‌ಎ, ಎಂಬ ತರಬೇತಿ ಕ್ರಮವೂ ದೇಶಕ್ಕೆಲ್ಲ ಬಂತು. ವಿಷಯವನ್ನು 21 ಸಣ್ಣ ಪಾಠಗಳಾಗಿ ಒಡೆದಿದ್ದಾರೆ. ರಾಜ್ಯ, ಜಿಲ್ಲೆ, ತಾಲ್ಲೂಕು ಮಟ್ಟದ ಸಂಪನ್ಮೂಲ ತಂಡಗಳ ಮೂಲಕ ಒಂದೊಂದೇ ಪಾಠ ವಲಯ ಮಟ್ಟದ ಸಭೆಗೆ ಇಳಿಯುತ್ತದೆ. ಕಾರ್ಯಕರ್ತೆ ಕಲಿತ ಒಂದು ಸಂಗತಿಯನ್ನು ಮನೆಭೇಟಿಯಲ್ಲಿ ಮಾಡಿ ನೋಡಿ, ಮುಂದಿನ ಸಭೆಯಲ್ಲಿ ಏನಾಯಿತೆಂದು ಹೇಳಬೇಕು. ಆಮೇಲೆ ಮುಂದಿನ ಪಾಠ.

ಇದರ ವಿನ್ಯಾಸ ಬಹಳ ಒಳ್ಳೆಯದೆಂದು ನನ್ನ ಅಭಿಪ್ರಾಯ. ಒಂದು ಸಲಕ್ಕೆ ಒಂದೇ ವಿಷಯ, ಕಲಿತದ್ದನ್ನು ಮಾಡುವುದು, ಮಾಡಿದ್ದನ್ನು ಜೊತೆಯವರ ಮುಂದೆ ಹೇಳುವುದು: ಮೂರೂ ಅದರಲ್ಲಿವೆ. ಅದು ಸೊರಗುವುದು ಎರಡು ಕಡೆ. ಮೇಲಿನಿಂದ ಕೆಳಕ್ಕೆ ಇಳಿಯುವಾಗ ಪ್ರತಿ ಮೆಟ್ಟಿಲಿನಲ್ಲೂ ಒಂದಿಷ್ಟು ಸೋರುತ್ತದೆ. ಕೊನೆಗೆ ಸಭೆಯೇ ರಿಜಿಸ್ಟರು, ಪೋಷಣ್ ಟ್ರ್ಯಾಕರ್ ಆ್ಯಪಿನ ಎಂಟ್ರಿ, ಬಾಕಿ ವರದಿಗಳಿಗೆ ಬಲಿಯಾಗುತ್ತದೆ. ಮೇಲ್ವಿಚಾರಕಿಯ ಕೈಯಲ್ಲಿರುವುದು ಈ ಎರಡನೆಯದು. ಸಭೆಯ ಮೊದಲ 40 ನಿಮಿಷ ಕಲಿಕೆಗೆ, ವರದಿ ಆಮೇಲೆ ಎಂಬ ಕಟ್ಟುನಿಟ್ಟು ಬೇಕು. ವರದಿ ಮೊದಲಿಟ್ಟರೆ ಕಲಿಕೆಗೆ ಉಳಿಯುವುದು ಎಲ್ಲರೂ ಚೀಲ ಹೆಗಲಿಗೇರಿಸಿದ ಮೇಲಿನ ಐದು ನಿಮಿಷ.

ಆ 40 ನಿಮಿಷದಲ್ಲಿ ಏನು ಮಾಡಬೇಕು? ಅಳತೆಯ ಉದಾಹರಣೆಯನ್ನೇ ಮುಂದುವರಿಸೋಣ. ಸಭೆ ನಡೆಯುವ ಅಂಗನವಾಡಿಗೆ ನಾಲ್ಕೈದು ತಾಯಂದಿರನ್ನು ಕೂಸುಗಳ ಸಮೇತ ಬರಹೇಳಿ. ಹಿಂದಿನ ತಿಂಗಳು ಚೆನ್ನಾಗಿ ಅಳೆದ ಒಬ್ಬ ಕಾರ್ಯಕರ್ತೆ, ತನ್ನ ಸಹಾಯಕಿಯ ಜೊತೆ, ಒಂದು ಸಲ ಮಾತಿಲ್ಲದೆ ಮಾಡಿ ತೋರಿಸಲಿ. ಎರಡನೇ ಸಲ ಪ್ರತಿ ಹೆಜ್ಜೆಯನ್ನೂ ಬಾಯಿಬಿಟ್ಟು ಹೇಳುತ್ತಾ ಮಾಡಲಿ. ಮೂರನೇ ಸಲ ನೋಡುತ್ತಿದ್ದವರಲ್ಲಿ ಒಂದು ಜೋಡಿ ಮಾಡಲಿ, ಉಳಿದವರು ಗಮನಿಸಲಿ. ಆಗ ಬರುವ ಮಾತು ಹೀಗಿರುತ್ತದೆ: "ಹಂಗಲ್ಲ್ರಿ ಅಕ್ಕ, ಮೊಣಕಾಲು ಅಷ್ಟು ಬಿಗಿ ಒತ್ತಬ್ಯಾಡ್ರಿ, ಕೂಸು ಇನ್ನೂ ಒದೀತೈತಿ. ಮೊದಲು ತಾಯಿನ ತಲಿ ಕಡಿ ನಿಂದ್ರಸ್ರಿ, ಅಕಿ ಮುಖ ನೋಡಿಕೋಂತ ಸುಮ್ಮನಿರತೈತಿ." ತಾಯಿಯನ್ನು ಮಗುವಿನ ಕಣ್ಣಿಗೆ ಕಾಣುವಲ್ಲಿ ನಿಲ್ಲಿಸಿದರೆ ಅಳತೆ ಸಲೀಸಾಗುತ್ತದೆಂಬ ಇಂಥ ಮಾತು ಸಾಕಷ್ಟು ಮಕ್ಕಳನ್ನು ಅಳೆದ ಕೈಯಿಂದ ಮಾತ್ರ ಬರುತ್ತದೆ.

ಆಮೇಲೆ ಪರೀಕ್ಷೆ. ಒಂದೇ ಕೂಸನ್ನು ಎರಡು ಜೋಡಿ ಬೇರೆ ಬೇರೆಯಾಗಿ ಅಳೆದು, ಒಬ್ಬರ ಅಂಕಿ ಇನ್ನೊಬ್ಬರಿಗೆ ಕಾಣದಂತೆ ಚೀಟಿಯಲ್ಲಿ ಬರೆಯಲಿ. ಎರಡೂ ಚೀಟಿ ತೆರೆದಾಗ ಅಂಕಿಗಳ ನಡುವೆ ಅರ್ಧ ಸೆಂ.ಮೀ.ಗಿಂತ ಹೆಚ್ಚು ಅಂತರ ಬಂದರೆ ಯಾರು ಸರಿ ಎಂದು ತೀರ್ಪು ಕೊಡಬೇಡಿ. ನಾಲ್ವರೂ ಸೇರಿ ಮತ್ತೆ ಅಳೆದು ಅಂತರ ಎಲ್ಲಿಂದ ಬಂತೆಂದು ಹುಡುಕಲಿ. ಮಣೆ ಸಮತಟ್ಟಾಗಿರಲಿಲ್ಲವೇ? ತಲೆ ಜಾರಿತ್ತೇ? ಕೂದಲ ಜುಟ್ಟು ಅಡ್ಡ ಬಂತೇ? ಆ ಹುಡುಕಾಟದಲ್ಲೇ ಕಲಿಕೆ ನಡೆಯುತ್ತದೆ.

ಆಶಾ ಕಾರ್ಯಕರ್ತೆಯರ ಸಭೆಗೂ ಇದೇ ಅಚ್ಚು. ಮಗು ಒಂದು ನಿಮಿಷಕ್ಕೆ ಎಷ್ಟು ಸಲ ಉಸಿರಾಡುತ್ತದೆಂದು ಎಣಿಸುವುದು ನ್ಯುಮೋನಿಯಾ ಗುರುತಿಸುವ ಮೊದಲ ಹೆಜ್ಜೆ. ಎರಡು ತಿಂಗಳೊಳಗಿನ ಶಿಶುವಿಗೆ 60, ಅಲ್ಲಿಂದ ಒಂದು ವರ್ಷದವರೆಗೆ 50, ಒಂದರಿಂದ ಐದು ವರ್ಷದವರೆಗೆ 40, ಇಲ್ಲವೇ ಅದಕ್ಕಿಂತ ಹೆಚ್ಚಾದರೆ ಉಸಿರಾಟ ವೇಗವಾಗಿದೆಯೆಂದು ಲೆಕ್ಕ. ಮೂರು ಅಂಕಿ ಬಾಯಿಪಾಠ ಮಾಡುವುದು ಸುಲಭ, ಅಂಗಿಯೊಳಗಿನ ಎದೆಯ ಏರಿಳಿತ ಎಣಿಸುವುದು ಕಷ್ಟ. ಇಬ್ಬರು ಒಂದೇ ಮಗುವನ್ನು ಒಂದೇ ನಿಮಿಷದಲ್ಲಿ ಮೌನವಾಗಿ ಎಣಿಸಿ ಲೆಕ್ಕ ತಾಳೆ ನೋಡಿದರೆ ಯಾರಿಗೆ ಇನ್ನಷ್ಟು ಅಭ್ಯಾಸ ಬೇಕೆಂದು ಅವರಿಗೇ ತಿಳಿಯುತ್ತದೆ. ಮೇಲಿನವರು ಗದರುವ ಪ್ರಸಂಗವೇ ಬರುವುದಿಲ್ಲ.

ಗುಂಪಾಗಿ ಕಲಿಯುವ ಈ ಕ್ರಮದ ಅತ್ಯುತ್ತಮ ಮಾದರಿ ಹೊಲದಲ್ಲಿ ಹುಟ್ಟಿತು. ಇಂಡೋನೇಷ್ಯಾದಲ್ಲಿ ಭತ್ತಕ್ಕೆ ಕಂದು ಜಿಗಿಹುಳು ಮುತ್ತಿಕೊಂಡಾಗ, ಹೆಚ್ಚು ಔಷಧ ಹೊಡೆದಷ್ಟೂ ಹುಳು ಹೆಚ್ಚುತ್ತಿರುವುದು ಕಂಡುಬಂತು. ಔಷಧಕ್ಕೆ ಮೊದಲು ಸಾಯುತ್ತಿದ್ದದ್ದು ಜಿಗಿಹುಳುವನ್ನು ತಿನ್ನುವ ಜೇಡಗಳು. 1986ರಲ್ಲಿ ಆ ಸರ್ಕಾರ 57 ಕೀಟನಾಶಕಗಳನ್ನು ಭತ್ತಕ್ಕೆ ಬಳಸದಂತೆ ನಿಷೇಧಿಸಿತು, 1989ರಲ್ಲಿ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ ನೆರವಿನಿಂದ ರೈತ ಕ್ಷೇತ್ರ ಪಾಠಶಾಲೆಗಳು ಆರಂಭವಾದವು. ಸುಮಾರು 25 ರೈತರು ವಾರಕ್ಕೊಮ್ಮೆ ಹೊಲದಲ್ಲಿ ಸೇರುತ್ತಾರೆ. ಐದೈದು ಜನರ ತಂಡ ಗಿಡದಲ್ಲಿ ಕಂಡ ಹುಳು, ಮಿತ್ರಕೀಟ, ಎಲೆಯ ಸ್ಥಿತಿಯನ್ನು ಎಣಿಸಿ ದೊಡ್ಡ ಹಾಳೆಯ ಮೇಲೆ ಚಿತ್ರ ಬರೆಯುತ್ತದೆ. ಪ್ರತಿ ತಂಡವೂ ಉಳಿದವರ ಮುಂದೆ ನಿಂತು ಈ ವಾರ ಔಷಧ ಹೊಡೆಯಬೇಕೋ ಬೇಡವೋ ಎಂದು ವಾದಿಸಬೇಕು. ತರಬೇತುದಾರನಿಗೆ ಇಲ್ಲಿ ಉತ್ತರ ಹೇಳುವ ಅಧಿಕಾರವಿಲ್ಲ. ಇದು ಯಾವ ಹುಳು ಎಂದು ರೈತ ಕೇಳಿದರೆ ನೀವು ಎಲ್ಲಿ ಕಂಡಿರಿ, ಅದು ಏನು ಮಾಡುತ್ತಿತ್ತು ಎಂದು ತಿರುಗಿ ಕೇಳುತ್ತಾನೆ. ಸಂದೇಹ ಉಳಿದರೆ ಹುಳುವನ್ನು ಗಿಡದ ಸಮೇತ ಬಲೆಯೊಳಗೆ ಸಾಕಿ ನೋಡುತ್ತಾರೆ.

ರಾಯಚೂರು ಸೀಮೆಗೆ ಇದು ಹೊಸದಲ್ಲ. 2000ದ ಆಸುಪಾಸಿನಲ್ಲಿ ಏಷ್ಯಾದ ದೇಶಗಳಲ್ಲಿ ಹತ್ತಿ ಬೆಳೆಗಾರರಿಗಾಗಿ ನಡೆದ ಇಂಥ ಶಾಲೆಗಳ ಕಾರ್ಯಕ್ರಮದಲ್ಲಿ ಕರ್ನಾಟಕವೂ ಇತ್ತು. ಎಎಂಇ ಫೌಂಡೇಶನ್ ಎಂಬ ಸಂಸ್ಥೆ ರಾಯಚೂರು ಭಾಗದಲ್ಲಿ ರೈತರ ಜೊತೆ ಇದೇ ಕ್ರಮದಲ್ಲಿ ಕೆಲಸ ಮಾಡಿದೆ. ದೇವದುರ್ಗ, ಮಾನ್ವಿಯ ಹಿರಿಯ ಹತ್ತಿ ಬೆಳೆಗಾರರಲ್ಲಿ ಅದರ ನೆನಪಿರುವವರು ಸಿಕ್ಕರೆ ನಿಮ್ಮ ತರಬೇತಿಗೆ ಕರೆಯಿರಿ. ಗುಂಪಿನಲ್ಲಿ ಪ್ರಶ್ನೆ ಕೇಳಿಸುವುದು ಹೇಗೆಂದು ಅವರು ಬಲ್ಲರು.

ಇನ್ನು ಗಿರಣಿಗೆ ಬರೋಣ. ತುಂಗಭದ್ರಾ ಎಡದಂಡೆ ಕಾಲುವೆಯ ನೀರಿನಿಂದ ಮಾನ್ವಿ, ಸಿಂಧನೂರಿನ ಕಡೆ ಭತ್ತ ಬೆಳೆಯಿತು, ಅದರ ಹಿಂದೆ ಅಕ್ಕಿ ಗಿರಣಿಗಳು ಬಂದವು. ಗಿರಣಿಯಲ್ಲಿ ಹೊಟ್ಟು ಬಿಡಿಸುವ ಯಂತ್ರದೊಳಗೆ ಎರಡು ರಬ್ಬರ್ ರೋಲುಗಳು ಬೇರೆ ಬೇರೆ ವೇಗದಲ್ಲಿ ತಿರುಗುತ್ತವೆ. ನಡುವಿನ ಸಂದು ಬಿಗಿಯಾದರೆ ನುಚ್ಚು ಹೆಚ್ಚುತ್ತದೆ, ಸಡಿಲಾದರೆ ಭತ್ತ ಹಾಗೆಯೇ ಹೊರಬೀಳುತ್ತದೆ. ವೇಗದ ರೋಲು ಬೇಗ ಸವೆಯುವುದರಿಂದ ಎರಡನ್ನೂ ಆಗಾಗ ಅದಲುಬದಲು ಮಾಡಬೇಕು. ಅನುಭವಿ ಆಪರೇಟರ್ ಒಂದು ಹಿಡಿ ಅಕ್ಕಿ ಅಂಗೈಯಲ್ಲಿ ಹರಡಿ ನೋಡಿ, ಯಂತ್ರದ ಸದ್ದು ಕೇಳಿ ಸಂದು ಹೊಂದಿಸುತ್ತಾನೆ. ಅವನು ಮಗಳ ಮದುವೆಗೆ ಹದಿನೈದು ದಿನ ರಜೆ ಹೋದರೆ ನುಚ್ಚಿನ ರಾಶಿ ಬೆಳೆಯುತ್ತದೆ. ಮಾಲೀಕನಿಗೆ ಅವನ ಬೆಲೆ ಗೊತ್ತಾಗುವುದು ಆಗಲೇ.

ಇದಕ್ಕೆ ದಾರಿ: ದಿನಕ್ಕೊಂದು ಸಲ, ಶಿಫ್ಟು ಆರಂಭವಾದ ಅರ್ಧ ಗಂಟೆಯ ಮೇಲೆ, ಹೊಸ ಹುಡುಗ ಒಂದು ಹಿಡಿ ಅಕ್ಕಿ ತಂದು ತನ್ನ ಅಂದಾಜು ಮೊದಲು ಹೇಳಬೇಕು. ನುಚ್ಚು ಹೆಚ್ಚಿದೆಯೇ, ಸಂದು ಎತ್ತ ತಿರುಗಿಸಬೇಕು? ಹಿರಿಯ ಆಪರೇಟರ್ ಆಮೇಲೆ ತನ್ನ ಅಂದಾಜು ಹೇಳಲಿ. ಹಿರಿಯ ಮೊದಲು ಹೇಳಿಬಿಟ್ಟರೆ ಕಿರಿಯ ತಲೆಯಾಡಿಸುತ್ತಾನೆ, ಕಲಿಯುವುದಿಲ್ಲ. ಒಂದು ನೋಟ್‌ಬುಕ್ಕಿನಲ್ಲಿ ಇಬ್ಬರ ಅಂದಾಜೂ ಬರೆದಿಟ್ಟರೆ ಎರಡೂ ಎಂದಿನಿಂದ ಒಂದಾಗತೊಡಗಿದವೆಂದು ಕಾಣುತ್ತದೆ. ಹಿರಿಯನ ರಜೆಗೆ ಆಗ ಹೆದರಬೇಕಿಲ್ಲ.

ಜಿನ್ನಿಂಗ್ ಮಿಲ್ಲಿನಲ್ಲಿ ಮೊದಲ ಪಾಠ ಬೆಂಕಿಯದು. ಹತ್ತಿಯೊಳಗೆ ಸೇರಿಬಂದ ಕಲ್ಲು, ಕಬ್ಬಿಣದ ಚೂರು, ಕಾದ ಬೇರಿಂಗ್, ಯಾರೋ ಎಸೆದ ಬೀಡಿ: ಕಿಡಿ ಹೇಗೂ ಬರಬಹುದು. ಬೆಂಕಿ ಹತ್ತಿದ ಮೇಲೆ ನಡೆಸುವ ವಿಚಾರಣೆಗಿಂತ, ಹತ್ತುವುದರಲ್ಲಿತ್ತು ಆದರೆ ಹತ್ತಲಿಲ್ಲ ಎಂಬ ಪ್ರಸಂಗಗಳನ್ನು ವಾರಕ್ಕೊಮ್ಮೆ ಹತ್ತು ನಿಮಿಷ ಹೇಳಿಸುವುದರಲ್ಲಿ ಲಾಭ ಹೆಚ್ಚು. ಜೆರಾಕ್ಸ್ ಕಂಪನಿಯ ಯಂತ್ರ ರಿಪೇರಿ ತಂತ್ರಜ್ಞರ ಜೊತೆ ಅಡ್ಡಾಡಿದ ಮಾನವಶಾಸ್ತ್ರಜ್ಞ ಜೂಲಿಯನ್ ಓರ್ 1996ರಲ್ಲಿ ಬರೆದ ಪುಸ್ತಕದ ತಿರುಳೂ ಇದೇ. ಕೈಪಿಡಿಯಲ್ಲಿಲ್ಲದ ತೊಂದರೆಗಳನ್ನು ಆ ತಂತ್ರಜ್ಞರು ತಿಂಡಿ, ಕಾಫಿಯ ಹೊತ್ತಿನಲ್ಲಿ ಪರಸ್ಪರ ಕಥೆ ಹೇಳಿಕೊಂಡೇ ಬಿಡಿಸುತ್ತಿದ್ದರು. ಕಂಪನಿ ಮುಂದೆ ಆ ಸಲಹೆಗಳನ್ನು ಎಲ್ಲರಿಗೂ ಸಿಗುವಂತೆ ಸಂಗ್ರಹಿಸಿತು. ಹಾಗೆಯೇ ಜಿನ್ನಿಂಗ್ ಮಿಲ್ಲಿನಲ್ಲೂ ಹಮಾಲರು, ಹತ್ತಿ ಆರಿಸುವ ಹೆಣ್ಣುಮಕ್ಕಳು, ಫಿಟ್ಟರ್ ಒಂದೇ ವೃತ್ತದಲ್ಲಿ ಕೂರಲಿ. ಹತ್ತಿಯಲ್ಲಿ ಕಬ್ಬಿಣದ ಚೂರು ಮೊದಲು ಕಣ್ಣಿಗೆ ಬೀಳುವುದು ಆರಿಸುವವರಿಗೆ, ಫಿಟ್ಟರಿಗಲ್ಲ.

ಶಿಫ್ಟು ಬದಲಾಗುವ ಹೊತ್ತಿನ ಬಗ್ಗೆ ಗಟ್ಟಿಯಾಗಿ ಹೇಳಬೇಕು. 1988ರ ಜುಲೈನಲ್ಲಿ ಉತ್ತರ ಸಮುದ್ರದ ಪೈಪರ್ ಆಲ್ಫಾ ತೈಲ ವೇದಿಕೆ ಉರಿದು 167 ಜನ ಸತ್ತರು. ರಿಪೇರಿಗೆಂದು ಸುರಕ್ಷತಾ ಕವಾಟ ತೆಗೆದಿದ್ದ ಪಂಪಿನ ಸುದ್ದಿ ಮುಂದಿನ ಪಾಳಿಯವರಿಗೆ ತಲುಪಿರಲಿಲ್ಲ. ಅವರು ಆ ಪಂಪನ್ನೇ ಚಾಲೂ ಮಾಡಿದರು. ಶಕ್ತಿನಗರದಂಥ ವಿದ್ಯುತ್ ಸ್ಥಾವರವಿರಲಿ, ಆಸ್ಪತ್ರೆಯ ವಾರ್ಡಿರಲಿ, ಸಣ್ಣ ಗಿರಣಿಯಿರಲಿ, ಎರಡು ಪಾಳಿಯವರು ಮುಖಾಮುಖಿ ನಿಂತು ಮಾತಾಡುವ ಐದು ನಿಮಿಷಕ್ಕೆ ಸಂಬಳ ಸಲ್ಲಬೇಕು. ಮೂರು ಪ್ರಶ್ನೆ ಸಾಕು: ಯಾವುದು ನಿಂತಿದೆ, ಯಾವುದು ಸಂದೇಹದಲ್ಲಿದೆ, ಇವತ್ತು ಏನು ಹೊಸದು ಕಂಡಿತು? ಕೇಳಿಸಿಕೊಂಡವರು ತಮ್ಮ ಮಾತಿನಲ್ಲಿ ತಿರುಗಿ ಹೇಳಬೇಕು. ಅಲ್ಲಿಗೆ ಸುದ್ದಿ ತಲುಪಿತೆಂದು ಲೆಕ್ಕ.

ಜೊತೆಯವರಿಂದಲೇ ಕಲಿಯುವ ಈ ಕ್ರಮವನ್ನು ದೊಡ್ಡ ಕಾರ್ಖಾನೆಯಲ್ಲಿ ಕಟ್ಟುನಿಟ್ಟಾಗಿ ಮಾಡಬಯಸುವವರಿಗೆ ಕ್ವಾಲಿಟಿ ಸರ್ಕಲ್ ಎಂಬ ಹಳೆಯ ದಾರಿ ಇದೆ. ಜಪಾನಿನಲ್ಲಿ 1962ರಲ್ಲಿ ಕಾವೊರು ಇಶಿಕಾವಾ ಅವರ ಮುಂದಾಳತ್ವದಲ್ಲಿ ಆರಂಭವಾದ ಈ ಪದ್ಧತಿ ಭಾರತಕ್ಕೆ ಬಂದದ್ದು 1980ರಲ್ಲಿ, ನಮಗೆ ಹತ್ತಿರದ ಹೈದರಾಬಾದಿನ ಬಿಎಚ್‌ಇಎಲ್ ಕಾರ್ಖಾನೆಗೆ. ಒಂದೇ ವಿಭಾಗದ ಆರರಿಂದ ಹತ್ತು ಜನ ಸ್ವಇಚ್ಛೆಯಿಂದ ಸೇರಿ ತಮ್ಮ ಕೆಲಸದ ಒಂದು ತೊಂದರೆಯನ್ನು ಆರಿಸಿ, ಕಾರಣ ಹುಡುಕಿ, ಪರಿಹಾರ ಮಾಡಿ ನೋಡುವುದು ಅದರ ಕ್ರಮ. ಸ್ವಇಚ್ಛೆ ಎಂಬುದನ್ನು ಮರೆತ ಕಡೆಯಲ್ಲೆಲ್ಲ ಅದು ಮತ್ತೊಂದು ಸಭೆಯಾಗಿ ಕೆಟ್ಟಿದೆ.

ರಾಯಚೂರಿನಲ್ಲಿ ಕೆಲಸದ ಜಾಗವೆಂದರೆ ಕನ್ನಡ, ತೆಲುಗು, ಉರ್ದು ಮೂರೂ. ಗಿರಣಿಗಳಲ್ಲಿ ಹಿಂದಿ ಮಾತಾಡುವ ಹೊರರಾಜ್ಯದವರೂ ಇರುತ್ತಾರೆ. ಹೊರಗಿನಿಂದ ಬಂದ ತರಬೇತುದಾರ ಒಂದು ಭಾಷೆಯಲ್ಲಿ ಹೇಳಿ ಹೋಗುತ್ತಾನೆ. ಐದಾರು ಜನರ ತಂಡ ಮಾಡುವಾಗ ಪ್ರತಿ ತಂಡದಲ್ಲೂ ಎರಡು ಭಾಷೆ ಬಲ್ಲ ಒಬ್ಬರಿರುವಂತೆ ನೋಡಿಕೊಂಡರೆ ಅನುವಾದಕರಿಗೆ ಹಣ ಕೊಡಬೇಕಿಲ್ಲ. ಸುರಕ್ಷತೆಯ ಮುಖ್ಯ ಮಾತುಗಳನ್ನು, ಅಂದರೆ ನಿಲ್ಲಿಸು, ಕೈ ತೆಗೆ, ಬೆಂಕಿ, ಕರೆಂಟು ಬಂದ್ ಮಾಡು ಎಂಬವನ್ನು, ಎಲ್ಲರೂ ಮೂರೂ ಭಾಷೆಯಲ್ಲಿ ಕಲಿಯಲೇಬೇಕು.

ಭಾಷೆಗಿಂತ ದೊಡ್ಡ ತಡೆ ಮೌನ. ಸಿಡಿಪಿಒ (ಶಿಶು ಅಭಿವೃದ್ಧಿ ಯೋಜನಾಧಿಕಾರಿ) ಮೇಡಂ ಕುರ್ಚಿಯಲ್ಲಿ ಕೂತು ಉಳಿದವರು ಚಾಪೆಯ ಮೇಲಿದ್ದರೆ, ಮಾಲೀಕರು ಬಾಗಿಲಲ್ಲಿ ನಿಂತಿದ್ದರೆ, ಯಾರೂ ತನಗೆ ಬರುವುದಿಲ್ಲವೆಂದು ಹೇಳುವುದಿಲ್ಲ. ಜಾತಿ, ಹೆಣ್ಣುಗಂಡು, ವಯಸ್ಸು, ಕಾಯಂ ನೌಕರ, ದಿನಗೂಲಿ ಎಲ್ಲವೂ ಆ ಮೌನದಲ್ಲಿ ಸೇರಿಕೊಂಡಿರುತ್ತವೆ. ಎಲ್ಲರೂ ಒಂದೇ ಮಟ್ಟದಲ್ಲಿ ಕೂರಲಿ, ಅಧಿಕಾರಿಯೂ ಚಾಪೆಯ ಮೇಲೆ. ಕಿರಿಯರು, ದಿನಗೂಲಿಯವರು ಮೊದಲು ಮಾತಾಡಲಿ. ಕಲಿಕೆಯ ಸಭೆಯಲ್ಲಿ ಹೇಳಿದ ತಪ್ಪಿನ ಮೇಲೆ ಮೆಮೊ ಕೊಡುವುದಿಲ್ಲವೆಂದು ಮೊದಲೇ ಹೇಳಿ, ಆ ಮಾತಿಗೆ ಬದ್ಧರಾಗಿರಿ. ಒಂದೇ ಒಂದು ಸಲ ಆ ಮಾತು ಮುರಿದರೂ ಮತ್ತೆ ಬಾಯಿ ತೆರೆಸಲು ವರ್ಷ ಬೇಕಾಗುತ್ತದೆ. ಮಾನ್ವಿ ಸೀಮೆಯ ಪೋತ್ನಾಳದಲ್ಲಿ ಜಾಗೃತ ಮಹಿಳಾ ಸಂಘಟನೆಯ ದಲಿತ ಕೃಷಿ ಕೂಲಿ ಹೆಣ್ಣುಮಕ್ಕಳು ಒಟ್ಟಾಗಿ ಕೂತು ಟೆರಾಕೋಟಾ ಆಭರಣ, ಬೇವಿನ ಗೊಬ್ಬರ ಮಾಡುವ ಕೆಲಸ ಬೆಳೆಸಿದ್ದಾರೆ. ತಮ್ಮವರ ನಡುವೆ ಕೂತಾಗ ಯಾರೂ ಮೂಕರಲ್ಲವೆಂದು ತಿಳಿಯಲು ಅಂಥ ಜಾಗ ನೋಡಿ ಬರಬೇಕು.

ವಾಟ್ಸ್‌ಆ್ಯಪ್ ಗುಂಪು ಈಗ ಎಲ್ಲ ಕಡೆ ಇದೆ, ಆದರೆ ಅದರಲ್ಲಿ ಬರುವುದು ಆದೇಶ, ಸುತ್ತೋಲೆ, ಶುಭೋದಯ. ಕಲಿಕೆಗೆ ಬೇರೆ ಗುಂಪು ಮಾಡಿ. ಅದರಲ್ಲಿ ಆದೇಶ ಹಾಕುವಂತಿಲ್ಲ. ಬರೆಯಲು ಹಿಂಜರಿಯುವವರು ಧ್ವನಿ ಸಂದೇಶದಲ್ಲಿ ಕೇಳಲಿ. ಪ್ರಶ್ನೆಗೆ ಮೇಲ್ವಿಚಾರಕರು ಒಂದು ದಿನ ಉತ್ತರಿಸಬಾರದು. ಜೊತೆಯವರು ಉತ್ತರಿಸಲಿ, ತಪ್ಪಿದ್ದರೆ ಮಾತ್ರ ಮರುದಿನ ತಿದ್ದಿ. ಬೆಂಕಿ, ಔಷಧದ ಪ್ರಮಾಣ, ಮಗುವಿನ ಅಪಾಯದ ಲಕ್ಷಣಗಳ ವಿಷಯದಲ್ಲಿ ಮಾತ್ರ ಕಾಯುವಂತಿಲ್ಲ, ತಕ್ಷಣ ತಿದ್ದಬೇಕು. ಮಕ್ಕಳ, ಗರ್ಭಿಣಿಯರ ಹೆಸರು, ಫೋಟೊ ಯಾವ ಕಾರಣಕ್ಕೂ ಅಲ್ಲಿ ಬರಬಾರದು. ವೀಡಿಯೊ ಮಾಡುವುದಾದರೆ ನಿಮ್ಮವರದೇ ಮಾಡಿ. 2006ರಲ್ಲಿ ಬೆಂಗಳೂರಿನ ಮೈಕ್ರೋಸಾಫ್ಟ್ ರಿಸರ್ಚ್‌ನಲ್ಲಿ ಆರಂಭವಾದ ಡಿಜಿಟಲ್ ಗ್ರೀನ್ ಯೋಜನೆಯವರು ಕರ್ನಾಟಕದ ಹಳ್ಳಿಗಳಲ್ಲಿ ಸ್ಥಳೀಯ ರೈತರನ್ನೇ ಚಿತ್ರಿಸಿ ತೋರಿಸಿದಾಗ, ನೋಡಿದವರು ಮೊದಲು ಕೇಳಿದ್ದು ಆ ರೈತನ ಹೆಸರೇನು, ಯಾವ ಊರು ಎಂದು. ವೀಡಿಯೊವನ್ನು ನಡುನಡುವೆ ನಿಲ್ಲಿಸಿ ಪ್ರಶ್ನೆ ಕೇಳುವ ಸ್ಥಳೀಯರೊಬ್ಬರು ಎದುರಿಗಿದ್ದುದರಿಂದಲೇ ಅದು ಕೆಲಸ ಮಾಡಿತು. ಲಿಂಕ್ ಕಳಿಸಿ ಕೈತೊಳೆದುಕೊಂಡರೆ ಅದು ತರಬೇತಿಯಲ್ಲ.

ಫಲ ಬಂತೋ ಇಲ್ಲವೋ ನೋಡುವುದಕ್ಕೆ ಹಾಜರಿ ಪುಸ್ತಕ ಸಾಲದು. ಡೊನಾಲ್ಡ್ ಕಿರ್ಕ್‌ಪ್ಯಾಟ್ರಿಕ್ 1959ರಿಂದ ಬರೆಯುತ್ತ ಬಂದ ನಾಲ್ಕು ಮೆಟ್ಟಿಲುಗಳು ಈಗಲೂ ಸರಿ: ಬಂದವರಿಗೆ ಹಿಡಿಸಿತೇ, ಕಲಿತರೇ, ಕೆಲಸದಲ್ಲಿ ಬಳಸುತ್ತಿದ್ದಾರೆಯೇ, ಕೆಲಸದ ಫಲ ಬದಲಾಯಿತೇ. ನಮ್ಮಲ್ಲಿ ಮೊದಲನೆಯದರಲ್ಲೇ ನಿಲ್ಲುತ್ತೇವೆ. ಚೀಟಿಯ ಮೇಲಿನ ಎರಡು ಅಳತೆಗಳ ಅಂತರ, ನುಚ್ಚಿನ ಪ್ರಮಾಣ, ಹೊಸಬರು ಒಬ್ಬರೇ ಯಂತ್ರ ನೋಡಿಕೊಳ್ಳಲು ಹಿಡಿದ ದಿನಗಳು: ಒಂದೇ ಒಂದು ಅಂಕಿ ಆರಿಸಿ, ಆರಂಭಕ್ಕೆ ಮೊದಲು ಬರೆದಿಟ್ಟು, ಮೂರು ತಿಂಗಳಿಗೆ ಮತ್ತೆ ನೋಡಿ.

ಕೊನೆಗೆ ಹಣ ಮತ್ತು ಸಮಯ. ಕಲಿಕೆ ಕೆಲಸದ ಅವಧಿಯಲ್ಲೇ ನಡೆಯಬೇಕು. ಕೆಲಸ ಮುಗಿದ ಮೇಲೆ ಉಳಿಯಿರಿ ಎಂದರೆ ಹೆಣ್ಣುಮಕ್ಕಳಿಗೆ ಅದು ಆಗದು. ಮನೆ, ಬಸ್ಸು ಎರಡೂ ಕಾಯುತ್ತಿರುತ್ತವೆ. ತಿಂಗಳ ಲೆಕ್ಕದಲ್ಲಿ ಸಂಬಳ ಕೊಡುವ ಕಡೆ ಕಲಿಕೆಯ ಹೊತ್ತಿಗೆ ಸಂಬಳ ಕಡಿತ ಮಾಡಬಾರದು, ತೂಕದ ಮೇಲೆ ಕೂಲಿ ಕೊಡುವ ಕಡೆ ಆ ಹೊತ್ತಿಗೆ ಬೇರೆ ದರ ಗೊತ್ತುಮಾಡಬೇಕು. ಹೊರಗಿನ ಉಪನ್ಯಾಸಕರಿಗೆ ಗೌರವಧನ, ಪ್ರಯಾಣ ಭತ್ಯೆ ಕೊಡುವ ಸಂಸ್ಥೆಗಳು ತಮ್ಮದೇ ಹಿರಿಯ ಕಾರ್ಯಕರ್ತೆ, ಆಪರೇಟರ್, ಸಹಾಯಕಿ ಕಲಿಸಿದಾಗ ಅದನ್ನು ಸೇವೆಯೆಂದು ಕರೆದು ಬಿಟ್ಟುಬಿಡುತ್ತವೆ. ಅದು ಅನ್ಯಾಯ. ತರಬೇತಿ ರಿಜಿಸ್ಟರಿನ ಸಂಪನ್ಮೂಲ ವ್ಯಕ್ತಿಯ ಕಾಲಮಿನಲ್ಲಿ ಅವರ ಹೆಸರು ಬರಲಿ, ಹೊರಗಿನವರಿಗೆ ಸಲ್ಲುವ ಗೌರವಧನವೇ ಅವರಿಗೂ ಸಲ್ಲಲಿ, ಕೊಟ್ಟದ್ದಕ್ಕೆ ರಸೀದಿಯಿರಲಿ.